ಒಂದು ಮೊಳಕ್ಕೆ ನೂರು ವರ್ಷ

ರಾಯದುರ್ಗದ ಚಾ ಅಂಗಡಿಗಳಲ್ಲಿ ಮಳೆಯ ಮಾತು, ಶೇಂಗಾ ರೇಟು, ಎಲೆಕ್ಷನ್ನು ಎಲ್ಲಾ ಮುಗಿದ ಮೇಲೂ ಮುಗಿಯದ ವಾದ ಒಂದಿದೆ. ಕೃಷ್ಣದೇವರಾಯ ಕನ್ನಡದವನೋ, ತೆಲುಗಿನವನೋ? ಗಡಿಯ ಈ ಕಡೆ ಹುಟ್ಟಿದವರಿಗೆಲ್ಲ ಈ ವಾದ ಗೊತ್ತು. ದೊಡ್ಡವರು ನಗುನಗುತ್ತಾ ಶುರು ಮಾಡುತ್ತಾರೆ, ಕಡೆಗೆ ಚಾ ದುಡ್ಡು ಯಾರು ಕೊಡಬೇಕು ಅನ್ನುವುದಕ್ಕೂ ಮುನಿಸು ಬರುತ್ತದೆ. ದೊಡ್ಡವರ ಮಾತು ಹಾಗಿರಲಿ. ನಮ್ಮೂರಿನಲ್ಲಿ ಎರಡು ವರ್ಷದ ಹಿಂದೆ ಹತ್ತನೇ ಕ್ಲಾಸಿನ ಹುಡುಗರು ಇದೇ ಮಾತಿಗೆ ಅಂಗಿ ಹರಿದುಕೊಂಡರು. ಕನ್ನಡ ಮಾಧ್ಯಮದವರು ಒಂದು ಕಡೆ, ತೆಲುಗು ಮಾಧ್ಯಮದವರು ಒಂದು ಕಡೆ. ಸಂಜೆ ಇಬ್ಬರೂ ಬಂದು ಕೂರುವ ಮನೆ ಪಾಠದ ಜಗಲಿ ಮಾತ್ರ ಒಂದೇ.

ಆ ಜಗಲಿ ನಮ್ಮ ಮೇಷ್ಟ್ರದು. ಕನ್ನಡದವರು ಮೇಷ್ಟ್ರು ಅನ್ನುತ್ತಾರೆ, ತೆಲುಗರು ಅಯ್ಯವಾರು ಅನ್ನುತ್ತಾರೆ. ತಮ್ಮ ಹೆಸರು ಪೇಪರಿನಲ್ಲಿ ಬರಬಾರದು ಅಂತ ಕರಾರು ಮಾಡಿಸಿಕೊಂಡೇ ನನಗೆ ಮಾತು ಕೊಟ್ಟಿದ್ದಾರೆ. ಮೂವತ್ತು ವರ್ಷಕ್ಕೂ ಮೇಲೆ ಗಡಿ ಹಳ್ಳಿಗಳ ಶಾಲೆಗಳಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದವರು. ಈಗ ಸಂಜೆ ಆರರಿಂದ ಎಂಟರವರೆಗೆ ಟ್ಯೂಷನ್. ದುಡ್ಡು ಕೇಳುವುದಿಲ್ಲ. ಸುಗ್ಗಿ ಮುಗಿದ ಮೇಲೆ ಅವರ ಮನೆಗೆ ಶೇಂಗಾ, ಜೋಳ, ತೊಗರಿ ತಾನಾಗೇ ಬರುತ್ತದೆ, ಕೊಡಲಾರದವರ ಮಕ್ಕಳೂ ಅದೇ ಚಾಪೆ ಮೇಲೆ ಕೂರುತ್ತಾರೆ.

ಹುಡುಗರ ಜಗಳ ತಮ್ಮ ತನಕ ಬಂದಾಗ ಮೇಷ್ಟ್ರು ಬೈಯಲಿಲ್ಲ. "ಯಾರು ಹೇಳಿದ್ರು?" ಅಂದರು. ತೆಲುಗು ಹುಡುಗರಿಗೂ ಅದನ್ನೇ, "ಎವುರು ಚೆಪ್ಪಿನಾರು?" ಅವರ ಪಾಠವೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ನಾಲ್ಕು ಹುಡುಗರಿಗೆ ನಾಲ್ಕು ಕೆಲಸ ಹಂಚಿದರು. ರಾಯ ಏನು ಬರೆದ, ರಾಯ ಏನು ಬರೆಸಿದ, ರಾಯ ಯಾರಿಂದ ಬರೆಸಿಕೊಂಡ, ರಾಯನ ವಂಶ ಯಾವುದು. ಒಂದು ವಾರ ಬಿಟ್ಟು ಬನ್ನಿ.

ವಾರ ಬಿಟ್ಟು ಬಂದದ್ದು ಇಷ್ಟು. ರಾಯ ಬರೆದ 'ಆಮುಕ್ತಮಾಲ್ಯದ' ತೆಲುಗು. ಪಟ್ಟಾಭಿಷೇಕದ ನೆನಪಿಗೆ ಹಂಪಿ ವಿರೂಪಾಕ್ಷನ ಗುಡಿಯಲ್ಲಿ ನಿಲ್ಲಿಸಿದ ಶಾಸನ ಸಂಸ್ಕೃತ ಮತ್ತು ಕನ್ನಡ. ತಿರುಮಲೆಯಲ್ಲಿ ಕೊಟ್ಟ ದಾನಗಳನ್ನು ಕನ್ನಡ, ತೆಲುಗು, ತಮಿಳು ಮೂರರಲ್ಲೂ ಕಲ್ಲಿಗೆ ಹಾಕಿಸಿದ್ದಾನೆ. ಆಸ್ಥಾನದಲ್ಲಿ ಅಲ್ಲಸಾನಿ ಪೆದ್ದನ ತೆಲುಗಿನಲ್ಲಿ ಬರೆದ. ಕುಮಾರವ್ಯಾಸ ನಿಲ್ಲಿಸಿದಲ್ಲಿಂದ ಭಾರತವನ್ನು ಕನ್ನಡದಲ್ಲಿ ಮುಂದುವರಿಸಿದವನು ತಿಮ್ಮಣ್ಣ ಕವಿ, ಅದೂ ರಾಯನ ಆಶ್ರಯದಲ್ಲೇ. ಇನ್ನು ವಂಶ? ತುಳುವ ವಂಶ.

"ಹಂಗಾದ್ರೆ ಮಂಗಳೂರ ಕಡೆಯವ್ನಾ ಸಾರ್?" ಅಂತ ಒಬ್ಬ ಕೇಳಿದ.

ಮೇಷ್ಟ್ರು ಹೇಳಿದರು: "ನಿಮ್ಮಜ್ಜಿ ತವರು ಬಳ್ಳಾರಿ ಕಡೇದು. ನಿಮ್ಮಮ್ಮನ ತವರು ಗುಂತಕಲ್ಲು. ನೀನು ಹುಟ್ಟಿದ್ದು ಇಲ್ಲಿ. ನಿನ್ನ ಯಾರ ಲೆಕ್ಕಕ್ಕೆ ಬರಕೊಳ್ಳಾಣ?" ಹುಡುಗ ಉತ್ತರ ಕೊಡಲಿಲ್ಲ. ಮೇಷ್ಟ್ರೂ ಕೊಡಲಿಲ್ಲ. ರಾಯ ಯಾರವನು ಅನ್ನುವ ಪ್ರಶ್ನೆಗೆ ಇವತ್ತಿನವರೆಗೂ ಅವರ ಬಾಯಿಂದ ತೀರ್ಪು ಬಂದಿಲ್ಲ. ಒಂದು ಮಾತು ಮಾತ್ರ ಸೇರಿಸಿದರು. ರಾಯಲಸೀಮೆ ಅನ್ನುವ ಹೆಸರು ರಾಯನ ಕಾಲದ್ದು ಅಂತ ಹುಡುಗರೆಲ್ಲ ನಂಬಿದ್ದರು. ಆ ಹೆಸರು ಇಟ್ಟದ್ದು 1928ರಲ್ಲಿ, ನಂದ್ಯಾಲದಲ್ಲಿ ಸೇರಿದ ಸಭೆಯಲ್ಲಿ. ಅದಕ್ಕೆ ಮೊದಲು ಇದು ದತ್ತ ಮಂಡಲ, ಅಂದರೆ 1800ರಲ್ಲಿ ನಿಜಾಮ ಕುಂಪಣಿಗೆ ಬಿಟ್ಟುಕೊಟ್ಟ ಸೀಮೆ.

ನಾನು ಎಸ್ಸೆಸ್ಸೆಲ್ಸಿ ಓದುವಾಗ ಪಾಣಿಪತ್ತಿನ ಮೂರು ಯುದ್ಧಗಳ ಇಸವಿ ಬಾಯಿಪಾಠ ಮಾಡಿದ್ದೆ. 1526, 1556, 1761. ಈಗಲೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೆ ಹೇಳುತ್ತೇನೆ. ಯಾರಿಗೂ ಯಾರಿಗೂ ಯಾಕೆ ಬಿತ್ತು ಅಂತ ಆ ಕಾಲಕ್ಕೆ ಯಾರೂ ಕೇಳಲಿಲ್ಲ. ನಮ್ಮ ಮೇಷ್ಟ್ರ ಹತ್ತಿರ ಇಸವಿ ಇಲ್ಲವೆಂದಲ್ಲ. ಪಬ್ಲಿಕ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಇಸವಿ ಬೇಡ ಅನ್ನಲು ಬರುವುದಿಲ್ಲ. ಆದರೆ ಇಸವಿಯನ್ನು ಅವರು ಹಗ್ಗಕ್ಕೆ ಕಟ್ಟುತ್ತಾರೆ.

ಹಗ್ಗ ಅಂದರೆ ನಿಜವಾಗಿಯೂ ಎತ್ತಿನ ಹಗ್ಗ. ಒಂದು ಮೊಳಕ್ಕೆ ನೂರು ವರ್ಷ. ಈ ತುದಿಯನ್ನು ಒಬ್ಬ ಹುಡುಗ ಹಿಡಿಯಬೇಕು, ಅದು ಇವತ್ತು. ಹಿಂದಕ್ಕೆ ಅಳೆಯುತ್ತಾ ಹಳೇ ಸೀರೆಯ ಚಿಂದಿ ಕಟ್ಟಬೇಕು. ಆಂಧ್ರ ರಾಜ್ಯ ಆಗಿದ್ದು 1953, ಒಂದು ಮೊಳಕ್ಕೂ ಕಡಿಮೆ. ಕುಂಪಣಿ ಬಂದದ್ದು ಎರಡೂಕಾಲು ಮೊಳ. ತಾಳಿಕೋಟೆ ಯುದ್ಧ 1565, ನಾಲ್ಕೂವರೆ ಮೊಳದ ಮೇಲೆ ಸ್ವಲ್ಪ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509, ಐದು ಮೊಳ ದಾಟಿ. ಹೇಮಾವತಿಯಿಂದ ಆಳಿದ ನೊಳಂಬರು ಹನ್ನೊಂದು ಮೊಳದ ಆಸುಪಾಸು. ಅಶೋಕನ ಚಿಂದಿ ಕಟ್ಟುವ ಹೊತ್ತಿಗೆ ಹುಡುಗ ಜಗಲಿ ಇಳಿದು, ಬೀದಿ ದಾಟಿ, ಎದುರು ಮನೆಯ ಗೋಡೆಗೆ ತಾಗಿರುತ್ತಾನೆ. ಇಪ್ಪತ್ಮೂರು ಮೊಳ ಅಷ್ಟು ದೂರ ಹೋಗುವುದಿಲ್ಲ ಅಂತ ಲೆಕ್ಕ ಹಾಕುವವರಿಗೆ ಹೇಳುತ್ತೇನೆ, ನಮ್ಮೂರ ಬೀದಿ ಅಷ್ಟೇ ಅಗಲ.

ಎಲ್ಲ ಮಕ್ಕಳಿಗೂ ಒಂದೇ ಆಶ್ಚರ್ಯ. ರಾಯ ಮತ್ತು ಅಶೋಕ ಇಬ್ಬರೂ 'ಹಳೇ ರಾಜರು' ಅಂತ ಒಂದೇ ಗಂಟಿನಲ್ಲಿ ಕಟ್ಟಿಟ್ಟುಕೊಂಡಿರುತ್ತಾರೆ. ಹಗ್ಗ ನೋಡಿದರೆ ರಾಯ ನಮ್ಮ ಪಕ್ಕದಲ್ಲೇ ನಿಂತಿದ್ದಾನೆ, ಅಶೋಕ ಅವನಿಂದಲೂ ಹದಿನೇಳು, ಹದಿನೆಂಟು ಮೊಳ ಆಚೆ. ಹತ್ತಿಪ್ಪತ್ತು ಇಸವಿ ಗೂಟ ಹೊಡೆದಂತೆ ಗಟ್ಟಿಯಾದರೆ ಉಳಿದದ್ದನ್ನು ಅವಕ್ಕೆ ಕಟ್ಟಬಹುದು ಅನ್ನುವುದು ಅವರ ಲೆಕ್ಕ. ಆ ಗೂಟಗಳಲ್ಲಿ ಹೆಂಗಸರ ಬಾಯಲ್ಲಿ ಉಳಿದದ್ದೂ ಒಂದು. ನಮ್ಮ ಕಡೆ ಮುದುಕಿಯರು 'ಧಾತ ಕರವು' ಅನ್ನುತ್ತಾರೆ, ಮೈಸೂರು ಸೀಮೆಯಲ್ಲಿ ಅದೇ 'ಧಾತು ಈಶ್ವರದ ಬರ'. ಧಾತು ಸಂವತ್ಸರ 1876, ಈಶ್ವರ 1877. ಪುಸ್ತಕದಲ್ಲಿ 1876–78ರ ಮಹಾಕ್ಷಾಮ ಅಂತ ಒಂದು ಸಾಲು ಇರುವ ಕಡೆ, ಬಳ್ಳಾರಿ, ಕರ್ನೂಲು ಸೀಮೆಯ ಮನೆಗಳಲ್ಲಿ ಯಾವ ಸೊಪ್ಪು ತಿಂದರು, ಯಾರು ಊರು ಬಿಟ್ಟರು ಅಂತ ಕತೆಗಳಿವೆ. ಮಕ್ಕಳು ಅದನ್ನು ಬರೆದುಕೊಂಡು ಬರಬೇಕು, ಯಾರು ಹೇಳಿದರು ಅನ್ನುವುದನ್ನೂ ಸೇರಿಸಿ.

ಸಂವತ್ಸರದ ಲೆಕ್ಕ ವ್ಯಾಪಾರಸ್ಥರಿಗೆ ಬೇಗ ಹಿಡಿಸುತ್ತದೆ. ಒಬ್ಬ ಹುಡುಗಿ ತಮ್ಮ ಮನೆಯ ಹಳೇ ಕಿರ್ದಿ ಪುಸ್ತಕ ತಂದಿದ್ದಳು. ಅವರದು ಮೂರು ತಲೆಮಾರಿನ ಅಂಗಡಿ. ಮೊದಲ ಹಾಳೆಯಲ್ಲಿ 'ಯುವ ಸಂವತ್ಸರ' ಅಂತ ಮಾತ್ರ ಇತ್ತು, ಇಸವಿ ಇರಲಿಲ್ಲ. ಯುವ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಬರುತ್ತದೆ. 1875 ಆಗಬಹುದು, 1935 ಆಗಬಹುದು. ಮೇಷ್ಟ್ರು ಹೇಳಿಕೊಡಲಿಲ್ಲ, ಪುಸ್ತಕ ತಿರುವಿ ಹಾಕು ಅಂದರು. ಮಧ್ಯದಲ್ಲಿ ಒಂದು ರಸೀತಿ ಸಿಕ್ಕಿತು, ಅದರ ಮೇಲಿನ ಸ್ಟಾಂಪಿನಲ್ಲಿ ಗಡ್ಡದ ದೊರೆ, ಐದನೇ ಜಾರ್ಜು. ಹಂಗಾದರೆ 1935–36. ವಿಕ್ಟೋರಿಯಾ ರಾಣಿಯ ಮುಖ ಇದ್ದಿದ್ದರೆ ಉತ್ತರ ಬೇರೆ. ಆ ಹುಡುಗಿ ಅವತ್ತು ಮನೆಗೆ ಹೋಗಿ ಅಜ್ಜನಿಗೆ ಪಾಠ ಹೇಳಿದಳಂತೆ.

ಹಂಪಿಯ ಅದೇ ಪಟ್ಟಾಭಿಷೇಕದ ಶಾಸನವನ್ನೂ ಅವರು ಈ ಲೆಕ್ಕಕ್ಕೇ ಬಳಸುತ್ತಾರೆ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತ ಶಕ. ಜನವರಿ ಬಂದ ಮೇಲಿನ ತಿಂಗಳಾದರೆ 79, ಯಾಕೆಂದರೆ ನಮ್ಮ ವರ್ಷ ಯುಗಾದಿಗೆ ಬದಲಾಗುತ್ತದೆ. ಶಾಸನದಲ್ಲಿ ಶಕ 1430 ಅಂತಿದೆ, ಶುಕ್ಲ ಸಂವತ್ಸರದ ಮಾಘ ಅಂತಲೂ ಇದೆ. ಅಂಕಿ ಹಿಡಿದರೆ 1509ರ ಜನವರಿ, ಸಂವತ್ಸರದ ಹೆಸರು ಹಿಡಿದರೆ 1510ರ ಜನವರಿ. ಒಂದು ವರ್ಷ ಕೂಡಿಬರುವುದಿಲ್ಲ. "ಕಲ್ಲಲ್ಲಿ ಬರೆದಿದ್ದಕ್ಕೂ ತಪ್ಪು ಇರ್ತಾವಾ ಸಾರ್?" ಅಂತ ಮಕ್ಕಳು ಬಾಯಿ ಬಿಡುತ್ತಾರೆ. "ಕಲ್ಲಿಗೆ ಬರೆದವನೂ ಮನುಷ್ಯನೇ ಅಲ್ಲೇನೋ" ಅನ್ನುತ್ತಾರೆ ಮೇಷ್ಟ್ರು. ಪುಸ್ತಕಗಳಲ್ಲಿ ಎರಡು ಇಸವಿ ಯಾಕೆ ಕಾಣುತ್ತವೆ ಅಂತ ಮಕ್ಕಳಿಗೆ ಆಗ ತಾನೇ ತಿಳಿಯುತ್ತದೆ.

ಗಡಿ ಮಕ್ಕಳಿಗೆ ಇನ್ನೊಂದು ತೊಡಕಿದೆ, ಎರಡು ಭಾಷೆ ಬಲ್ಲ ನಮ್ಮ ಓದುಗರಿಗೆ ಬಿಡಿಸಿ ಹೇಳುವುದೇ ಬೇಡ. ಮಾತು ಒಂದೇ, ಅರ್ಥ ಎರಡು. ತೆಲುಗಿನಲ್ಲಿ 'ರಾಷ್ಟ್ರಂ' ಅಂದರೆ ನಮ್ಮ ರಾಜ್ಯ, ಕನ್ನಡದಲ್ಲಿ ರಾಷ್ಟ್ರ ಅಂದರೆ ದೇಶ. ತೆಲುಗಿನ 'ಉದ್ಯಮಂ' ಅಂದರೆ ಚಳವಳಿ. ಕನ್ನಡದ ಹುಡುಗ ತೆಲುಗು ಪೇಪರಿನಲ್ಲಿ ಸ್ವಾತಂತ್ರ್ಯೋದ್ಯಮ ಅಂತ ಓದಿ, ಅದ್ಯಾವ ಫ್ಯಾಕ್ಟರಿ ಅಂತ ಕೇಳಿದ್ದುಂಟು. ಎಲ್ಲಕ್ಕಿಂತ ಸ್ವಾರಸ್ಯ ಅಂದರೆ 'ಇತಿಹಾಸ'. ಕನ್ನಡದಲ್ಲಿ ಅದು ಚರಿತ್ರೆ, ತೆಲುಗಿನಲ್ಲಿ ಇತಿಹಾಸವೆಂದರೆ ರಾಮಾಯಣ, ಮಹಾಭಾರತ. ಮೇಷ್ಟ್ರು ವರ್ಷದ ಮೊದಲ ಪಾಠವನ್ನೇ ಈ ಮಾತುಗಳಿಂದ ಶುರು ಮಾಡುತ್ತಾರೆ. ಒಂದು ನೋಟ್ ಪುಸ್ತಕ, ಎಡಕ್ಕೆ ಕನ್ನಡ, ಬಲಕ್ಕೆ ತೆಲುಗು. ಉತ್ತರವನ್ನು ಮೊದಲು ಮನೆ ಮಾತಿನಲ್ಲಿ ಬಾಯಲ್ಲಿ ಹೇಳಬೇಕು, ಪಕ್ಕದವನಿಗೆ ಅರ್ಥ ಆಗಬೇಕು, ಆಮೇಲೆ ಪರೀಕ್ಷೆಯ ಭಾಷೆಯಲ್ಲಿ ಬರೆಯಬೇಕು. ಬಾಯಲ್ಲಿ ಹೇಳಲು ಬಾರದ್ದನ್ನು ಬರೆಯಲು ಬಿಡುವುದಿಲ್ಲ. ನಿಧಾನದ ದಾರಿ ಅದು. ಜನವರಿ ಬರುವ ಹೊತ್ತಿಗೆ ತಂದೆತಾಯಿಗಳು "ಪಾಠ ಎಲ್ಲಿಗೆ ಬಂತು?" ಅಂತ ಗೊಣಗುವುದೂ ಉಂಟು.

ವರ್ಷಕ್ಕೊಮ್ಮೆ ಬ್ರಹ್ಮಗಿರಿಗೆ ಕರೆದುಕೊಂಡು ಹೋಗುತ್ತಾರೆ. ನಮಗೆ ಅದು ಗಡಿ ದಾಟಿದರೆ ಸಿಗುವ ಮೊಳಕಾಲ್ಮೂರು ತಾಲೂಕು. ನಾನೂ ಒಮ್ಮೆ ಟ್ರ್ಯಾಕ್ಟರ್ ತೆಗೆದುಕೊಂಡು ಹೋಗಿದ್ದೆ. 1892ರಲ್ಲಿ ರೈಸ್ ಸಾಹೇಬರು ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ, ಪಕ್ಕದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಇದೆ. ಮಕ್ಕಳು ಬಂಡೆ ನೋಡಿ ಸಪ್ಪಗಾದರು. ಒಂದು ಅಕ್ಷರವೂ ಓದಲು ಬರುವುದಿಲ್ಲ, ಇದಕ್ಕಾ ಇಷ್ಟು ದೂರ? ಮೇಷ್ಟ್ರು ಅದರಲ್ಲಿ ಏನಿದೆ ಅಂತ ಹೇಳಿದರು. ಸುವರ್ಣಗಿರಿಯಲ್ಲಿದ್ದ ರಾಜಪುತ್ರ ಮತ್ತು ಅಧಿಕಾರಿಗಳಿಂದ ಇಸಿಲದ ಅಧಿಕಾರಿಗಳಿಗೆ, ಕ್ಷೇಮ ವಿಚಾರಿಸಿ ಕಳಿಸಿದ ಆಜ್ಞೆ. ನಮ್ಮ ಕಲೆಕ್ಟರಾಫೀಸಿನಿಂದ ತಹಸೀಲ್ದಾರರಿಗೆ ಬರುವ ಟಪ್ಪಾಲಿನ ಕ್ರಮವೇ. ಕಡೆಗೆ ಬರೆದವನ ಹೆಸರು, ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿ. ತನ್ನ ಹೆಸರಿನ ಮುಂದೆ 'ಲಿಪಿಕಾರ' ಅನ್ನುವ ಅರ್ಥದ ಮಾತನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಆ ಲಿಪಿ ನಡೆಯುತ್ತಿದ್ದದ್ದು ಈಗಿನ ಪಾಕಿಸ್ತಾನದ ಕಡೆ.

ಮಕ್ಕಳ ಮುಖ ಬದಲಾಯಿತು. ಇಪ್ಪತ್ಮೂರು ಮೊಳ ದೂರದಲ್ಲಿ ಎರಡು ಲಿಪಿ ಬಲ್ಲ ಒಬ್ಬ ನೌಕರ! ಒಬ್ಬ ಸಣ್ಣ ಹುಡುಗ ಕೇಳಿದ, "ಅವನಿಗೆ ನಮ್ಮ ಮಾತು ಬರ್ತಿತ್ತಾ ಸಾರ್?"

"ಗೊತ್ತಿಲ್ಲಪ್ಪ. ಕಲ್ಲು ಅದನ್ನ ಹೇಳಿಲ್ಲ."

ನನಗೆ ಅಲ್ಲೇ ಒಂದು ಪದ್ಯ ಹೊಳೆಯಿತು, ಅದರಲ್ಲಿ ಚಪಡ ನಮ್ಮೂರ ಹೆಣ್ಣಿನ ಹತ್ತಿರ ನೀರು ಕೇಳುತ್ತಿದ್ದ. ಮೇಷ್ಟ್ರಿಗೆ ಹೇಳಿದೆ. "ಬರಿ, ಚೆನ್ನಾಗಿರ್ತೈತೆ. ಹುಡುಗರ ನೋಟ್ಸಿನೊಳಗೆ ಮಾತ್ರ ಹಾಕಬೇಡ" ಅಂದರು. ಕವಿಗೂ ಅವರಿಗೂ ಈ ವಿಷಯದಲ್ಲಿ ಹಳೇ ತಕರಾರು ಇದೆ. ನಮ್ಮ ತಾಯಿ ಹಾಡುತ್ತಿದ್ದ ಪಾಳೇಗಾರನ ಪದ ಯಾವ ಶಾಸನದಲ್ಲೂ ಇಲ್ಲ, ಹಂಗಂತ ಅದು ಸುಳ್ಳೇ ಅಂತ ಒಮ್ಮೆ ವಾದಕ್ಕೆ ಇಳಿದಿದ್ದೆ. ಪೂರ್ತಿ ಹಾಡಿಸಿಕೊಂಡರು. ಹಾಡಿನ ಮಧ್ಯೆ ರೈಲು ಬರುತ್ತದೆ. "ಪಾಳೇಗಾರ ರೈಲು ನೋಡಿರಲಿಲ್ಲ. ಪದ ಕಟ್ಟಿದವರು ನೋಡಿದ್ರು. ಪದ ಸುಳ್ಳಲ್ಲ, ಅದು ಹೇಳೋದು ಕಟ್ಟಿದವರ ಕಾಲವನ್ನ" ಅಂದರು. ನಾನು ಪೂರಾ ಒಪ್ಪಿಲ್ಲ. ರೈಲನ್ನು ಆಮೇಲೆ ಯಾರೋ ಸೇರಿಸಿರಬಹುದಲ್ಲ? ಸೇರಿಸಿರಬಹುದು, ಇನ್ನೂ ನಾಲ್ಕು ಜನರ ಬಾಯಲ್ಲಿ ಕೇಳು ಅಂದರು. ಕೇಳುತ್ತಿದ್ದೇನೆ.

ಈ ಪಾಠ ಯಾವಾಗಲೂ ಸುಖವಾಗಿ ಮುಗಿಯುವುದಿಲ್ಲ. ಹೋದ ವರ್ಷದ ಸಂಗತಿ ಹೇಳಲೇಬೇಕು. ನಮ್ಮೂರಲ್ಲಿ ಒಂದು ದೊಡ್ಡ ಮನೆತನವಿದೆ. ತಮ್ಮ ಹಿರಿಯರು ರಾಯರ ದಂಡನಾಯಕರು, ಯುದ್ಧ ಗೆದ್ದದ್ದಕ್ಕೆ ರಾಯರೇ ಹೊಲ ಕೊಟ್ಟರು ಅಂತ ಮನೆಯ ಹಿರಿಯರು ಮದುವೆ ಮುಂಜಿಗಳಲ್ಲಿ ಹೇಳುತ್ತಾ ಬಂದಿದ್ದಾರೆ. ಅದಕ್ಕೆ ಸಾಕ್ಷಿ ಅಂತ ಒಂದು ಕಾಗದ ದೇವರ ಪೆಟ್ಟಿಗೆಯಲ್ಲಿದೆ, ದಸರಕ್ಕೆ ಪೂಜೆ ಆಗುತ್ತದೆ. ಆ ಮನೆಯ ಮೊಮ್ಮಗ ಮೇಷ್ಟ್ರ ಶಿಷ್ಯ. 'ನಿಮ್ಮ ಮನೆಯ ಒಂದು ದಾಖಲೆ' ಅಂತ ಕೆಲಸ ಕೊಟ್ಟಾಗ ಅವನು ಆ ಕಾಗದದ ಫೋಟೋ ತೆಗೆದುಕೊಂಡು ಬಂದ. ಅದು ರಾಯರ ಕಾಲದ್ದಲ್ಲ. 1858ರಲ್ಲಿ ಮದ್ರಾಸು ಸರ್ಕಾರ ಇನಾಂ ಕಮಿಷನ್ ನೇಮಿಸಿ, ಯಾರ್‍ಯಾರ ಇನಾಮು ನಿಜ, ಯಾವುದು ಅಲ್ಲ ಅಂತ ವಿಚಾರಿಸಿ ಹಕ್ಕುಪತ್ರ ಕೊಟ್ಟಿತು. ಇದು ಅಂಥದ್ದೊಂದು ಪತ್ರ. ಇನಾಮಿನ ಬಗೆ 'ದಶಬಂಧ'. ಕೆರೆ ಕಟ್ಟಿದವರಿಗೆ, ಕೆರೆಯನ್ನು ರಿಪೇರಿಯಲ್ಲಿ ಇಟ್ಟುಕೊಳ್ಳುವವರಿಗೆ ಕೊಡುತ್ತಿದ್ದ ಇನಾಮು ಅದು.

ಹುಡುಗ ಮನೆಗೆ ಹೋಗಿ, "ತಾತ, ನಾವು ದಂಡನಾಯಕರಲ್ಲವಂತೆ, ಕೆರೆ ಕಾಯೋರಂತೆ" ಅಂದುಬಿಟ್ಟ. ಆಮೇಲೆ ಕೇಳಬೇಕೆ? ಹುಡುಗನ ಟ್ಯೂಷನ್ ನಿಂತಿತು. ಮೇಷ್ಟ್ರ ಮನೆಗೆ ಆ ಮನೆಯಿಂದ ಹಾಲು ಬರುವುದು ನಿಂತಿತು. ಜಾತಿಯ ಮಾತೂ ಒಂದೆರಡು ಓಡಾಡಿದವು. ಪರೀಕ್ಷೆಗೆ ಎರಡು ತಿಂಗಳಿತ್ತು.

ನಾಲ್ಕನೇ ದಿನ ಮೇಷ್ಟ್ರೇ ಆ ಮನೆಗೆ ಹೋದರು, ನಾನೂ ಜೊತೆಗಿದ್ದೆ. ಯಜಮಾನರು ಕೂರಿ ಅಂತಲೂ ಅನ್ನಲಿಲ್ಲ. ಮೇಷ್ಟ್ರು ತಾವೇ ಜಗಲಿ ಮೇಲೆ ಕೂತು ಒಂದು ಪ್ರಶ್ನೆ ಕೇಳಿದರು. "ಯಜಮಾನ್ರೇ, ಹೊಲ ಕ್ರಯಕ್ಕೆ ತಗೊಳ್ಳೋವಾಗ ನೀವು ಏನೇನು ನೋಡ್ತೀರಿ?" ಯಜಮಾನರಿಗೆ ಈ ವಿಷಯದಲ್ಲಿ ಎದುರಿಲ್ಲ. ಸರ್ವೆ ನಂಬರು ನೋಡ್ತೀನಿ, ನಾಲ್ಕು ದಿಕ್ಕಿನ ಚೆಕ್ಕುಬಂದಿ ನೋಡ್ತೀನಿ, ಬರೆದುಕೊಟ್ಟವನಿಗೆ ಹಕ್ಕಿತ್ತಾ ನೋಡ್ತೀನಿ, ಸಾಕ್ಷಿ ಯಾರು, ರಿಜಿಸ್ಟರ್ ಯಾವಾಗ ಆಯಿತು ಎಲ್ಲಾ ನೋಡ್ತೀನಿ ಅಂದರು. "ನಿಮ್ಮ ಮೊಮ್ಮಗ ಅಷ್ಟನ್ನೇ ನೋಡಿದಾನೆ" ಅಂದರು ಮೇಷ್ಟ್ರು. ಆಮೇಲೆ ಪತ್ರವನ್ನು ಸಾಲುಸಾಲಾಗಿ ಓದಿ ಕನ್ನಡದಲ್ಲಿ ಹೇಳಿದರು. ಊರ ಕೆರೆಯ ಹೆಸರು ಬಂದಾಗ ಯಜಮಾನರು ತಲೆ ಎತ್ತಿದರು. ಅದು ಈಗ ಬಳ್ಳಾರಿ ಜಾಲಿ ಬೆಳೆದು ದನ ಕೂಡ ಒಳಗೆ ಹೋಗದಂತಾದ ಕೆರೆ.

ಹುಡುಗ ಮಾರನೇ ದಿನ ಟ್ಯೂಷನ್ನಿಗೆ ಬಂದ. ಯಜಮಾನರು ಈಗಲೂ ಮದುವೆ ಮನೆಯಲ್ಲಿ ದಂಡನಾಯಕನ ಕತೆಯನ್ನೇ ಹೇಳುತ್ತಾರೆ. ಮೊಮ್ಮಗ ಎದುರು ಮಾತಾಡದೆ ಕೂತಿರುತ್ತಾನೆ. ಕೆರೆಯ ಜಾಲಿ ಕಡಿಸುವ ಮಾತು ಎರಡು ಸಲ ಬಂದಿದೆ, ಜೆಸಿಬಿ ಇನ್ನೂ ಬಂದಿಲ್ಲ.

"ಚರಿತ್ರೆ ಓದಿ ಹುಡುಗ ಏನು ಕಡಿದು ಕಟ್ಟೆ ಹಾಕ್ತಾನೆ, ಲೆಕ್ಕ ಇಂಗ್ಲೀಷು ಹೇಳಿಕೊಡ್ರಿ" ಅನ್ನುವವರು ಊರಲ್ಲಿ ಬಹಳ. ಅವರು ಹೇಳುವುದರಲ್ಲೂ ನ್ಯಾಯವಿದೆ, ಕೆಲಸ ಸಿಗುವ ದಾರಿ ಅದು. ಮೇಷ್ಟ್ರು ಅವರ ಜೊತೆ ವಾದಕ್ಕೆ ನಿಲ್ಲುವುದಿಲ್ಲ. ಅಂಥವರ ಮಕ್ಕಳಿಗೆ ತಮ್ಮ ಹೊಲದ ಅಡಂಗಲ್ ತರಿಸಿ ಓದಿಸುತ್ತಾರೆ. ಕನ್ನಡದ ಹೆಸರು ತೆಲುಗಿಗೆ ಹೋಗುವಾಗ ಅಜ್ಜನ ಹೆಸರಿನ ಒಂದು ಅಕ್ಷರ ಬದಲಾದದ್ದನ್ನು ಮಕ್ಕಳೇ ಹಿಡಿದ ಮೇಲೆ ತಂದೆಯರ ದನಿ ಸ್ವಲ್ಪ ತಗ್ಗುತ್ತದೆ.

ಈಗ ಅವರು ಹಿಡಿದಿರುವ ಪಾಠ 1953ರದ್ದು. ಆ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ಮೂರು ತಾಲೂಕು ಈ ಕಡೆ ಬಂದವು. ಉಳಿದವು ಮೈಸೂರಿಗೆ ಹೋದವು. ಬಳ್ಳಾರಿ ತಾಲೂಕಿಗೆ ನ್ಯಾಯಮೂರ್ತಿ ಮಿಶ್ರಾ ಬಂದು ವಿಚಾರಣೆ ಮಾಡಬೇಕಾಯಿತು. ಪುಸ್ತಕದಲ್ಲಿ ಪೊಟ್ಟಿ ಶ್ರೀರಾಮುಲು 1952ರ ಡಿಸೆಂಬರ್‍ನಲ್ಲಿ ಉಪವಾಸದಲ್ಲಿ ತೀರಿಕೊಂಡದ್ದಿದೆ, ನಮ್ಮ ಹಳ್ಳಿಗಳಲ್ಲಿ ಆ ವರ್ಷ ಏನಾಯಿತು ಅನ್ನುವುದಿಲ್ಲ. ಮಕ್ಕಳು ಎಂಬತ್ತು ದಾಟಿದವರನ್ನು ಹುಡುಕಿಕೊಂಡು ಹೋಗುತ್ತಿದ್ದಾರೆ. ಒಬ್ಬ ಅಜ್ಜ ಊರಿಗೆ ಊರೇ ಅವತ್ತು ಒಲೆ ಹಚ್ಚಲಿಲ್ಲ ಅಂದರು. ಅದೇ ಬೀದಿಯ ಅಜ್ಜಿ, "ಎಲ್ಲಿ ಒಲೆ ಹಚ್ಚಲಿಲ್ಲ? ನಾನೇ ಮುದ್ದೆ ತಿರುವಿದ್ದೆ" ಅಂದರು. ಎರಡನ್ನೂ ಮೇಷ್ಟ್ರು ಹಲಗೆ ಮೇಲೆ ಬರೆಸಿದರು, ಯಾವುದನ್ನೂ ಅಳಿಸಲಿಲ್ಲ. ಅಜ್ಜನಿಗೆ ಆಗ ಎಷ್ಟು ವಯಸ್ಸು, ಅವರ ಮನೆಯವರು ಹತ್ತಿ ಮಾರುತ್ತಿದ್ದದ್ದು ಎಲ್ಲಿ, ಅಜ್ಜಿ ಆಗ ಈ ಊರಿಗೆ ಸೊಸೆಯಾಗಿ ಬಂದಿದ್ದರಾ ಅಂತ ಇನ್ನೂ ಕೇಳಿ ಬನ್ನಿ ಅಂತ ಕಳಿಸಿದ್ದಾರೆ. ಅಷ್ಟರಲ್ಲಿ ಪಟ್ಟಿಯಲ್ಲಿದ್ದ ಇಬ್ಬರು ಹಿರಿಯರು ತೀರಿಕೊಂಡರು.

ಅದಕ್ಕೇ ಈ ಪುಟದ ಓದುಗರಲ್ಲಿ ಮೇಷ್ಟ್ರದು ಒಂದು ಕೋರಿಕೆ. ರಾಯದುರ್ಗ, ಆಲೂರು, ಆದೋನಿ ಕಡೆಯ ಮನೆಗಳಲ್ಲಿ 1953ಕ್ಕೆ ಮೊದಲಿನ ಕಂದಾಯ ರಸೀತಿ, ಕಿರ್ದಿ, ಕರಪತ್ರ, ಶಾಲೆಯ ಸರ್ಟಿಫಿಕೇಟು, ಬಳ್ಳಾರಿ ಕೋರ್ಟಿನ ಕಾಗದ ಏನಾದರೂ ಅಟ್ಟದ ಮೇಲೆ ಇದ್ದರೆ ದೀಪಾವಳಿಯ ಕಸದಲ್ಲಿ ಹಾಕಬೇಡಿ. ಕೊಡುವುದೂ ಬೇಡ. ನಿಮ್ಮ ಊರಿನ ಶಾಲೆಯ ಮಕ್ಕಳನ್ನು ಮನೆಗೆ ಕರೆದು ಒಂದು ಗಂಟೆ ತೋರಿಸಿದರೆ ಸಾಕು.